ನಿಮ್ಮ ಪ್ರಶ್ನೆ, ಪ್ರಯೋಗಾಲಯದ ಉತ್ತರ: ನೆತ್ತರಾದ ಬಟ್ಟೆಗೆ ಕಾಗದವೇ ಏಕೆ?

ಕಳೆದ ಸಂಚಿಕೆಯಲ್ಲಿ ವಿಧಿವಿಜ್ಞಾನ ಪ್ರಯೋಗಾಲಯದ ಜೀವಶಾಸ್ತ್ರ ವಿಭಾಗದಲ್ಲಿ ನಾನು ಕಳೆದ ವರ್ಷಗಳ ಬಗ್ಗೆ ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇದ್ದವು: ಘಟನೆ ನಡೆದ ಜಾಗದಲ್ಲಿ ಸಿಕ್ಕ ವಸ್ತುವನ್ನು ಹೇಗೆ ಎತ್ತಬೇಕು, ಯಾವುದರಲ್ಲಿ ಕಟ್ಟಬೇಕು. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ.

ಪ್ರಶ್ನೆ: ಮೇಡಂ, ನಾನು ಪಿಎಸ್‌ಐ ಆಗಿ ಸೇರಿ ಎಂಟು ತಿಂಗಳಾಯಿತು. ಒಂದು ಹಲ್ಲೆ ಪ್ರಕರಣದಲ್ಲಿ ರಕ್ತವಾಗಿದ್ದ ಅಂಗಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಮೇಲೆ ಬಟ್ಟೆ ಸುತ್ತಿ, ಅರಗು ಹಾಕಿ ಕಳಿಸಿದೆವು. ಕಲೆ ಕೆಟ್ಟಿದೆ ಎಂದು ವರದಿ ಬಂತು. ಅಷ್ಟು ಭದ್ರವಾಗಿ ಕಟ್ಟಿದ್ದು ಕೆಟ್ಟಿದ್ದಾದರೂ ಹೇಗೆ? (ಹಾವೇರಿ ಜಿಲ್ಲೆ)

ಭದ್ರವಾಗಿ ಕಟ್ಟಿದ್ದರಿಂದಲೇ ಕೆಟ್ಟಿತು. ಒದ್ದೆ ಬಟ್ಟೆಯನ್ನು ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದರೆ ತೇವ ಹೊರಗೆ ಹೋಗುವ ದಾರಿಯೇ ಇರುವುದಿಲ್ಲ. ತೇವ ಮತ್ತು ಸೆಖೆ ಸಿಕ್ಕರೆ ಬ್ಯಾಕ್ಟೀರಿಯಾ, ಬೂಷ್ಟು ಎರಡೂ ಬೆಳೆಯುತ್ತವೆ. ಅವು ಮೊದಲು ತಿನ್ನುವುದೇ ನಮಗೆ ಬೇಕಾದ್ದನ್ನು. ಅದೇ ರಕ್ತ ಹತ್ತಿ ಬಟ್ಟೆಯ ಮೇಲೆ ಚೆನ್ನಾಗಿ ಒಣಗಿ, ಕತ್ತಲಲ್ಲಿ, ತಂಪಾದ ಜಾಗದಲ್ಲಿ ಇದ್ದರೆ ವರ್ಷಗಟ್ಟಲೆ ಕಳೆದ ಮೇಲೂ ಡಿಎನ್‌ಎ ಸಿಗುತ್ತದೆ.

ನನ್ನ ಟೇಬಲ್ಲಿಗೆ ಬಂದಿದ್ದ ಒಂದು ಗಂಟನ್ನು ಇವತ್ತಿಗೂ ಮರೆತಿಲ್ಲ. ಮಳೆಗಾಲ. ಬಿಳಿ ಬಟ್ಟೆಯ ಪೊಟ್ಟಣ, ಹೊಲಿಗೆ ನೇರ, ಆರು ಕಡೆ ಅರಗಿನ ಮೊಹರು, ಒಂದೂ ಬಿರುಕು ಬಿಟ್ಟಿರಲಿಲ್ಲ. ಪಂಚರ ಸಹಿಯ ಚೀಟಿ ಕೂಡ ಸ್ಪಷ್ಟ. ಕಟ್ಟಿದವರು ಶ್ರದ್ಧೆಯಿಂದಲೇ ಕಟ್ಟಿದ್ದರು. ಹೊಲಿಗೆ ಬಿಚ್ಚಿದಾಗ ಒಳಗೆ ಜವಳಿ ಅಂಗಡಿಯ ಕ್ಯಾರಿಬ್ಯಾಗು, ಗಂಟು ಹಾಕಿದ್ದು. ಅದರ ಒಳಮೈಯಲ್ಲಿ ಬೆವರಿನ ಹಾಗೆ ನೀರಿನ ಹನಿಗಳು. ಗಂಟು ಬಿಚ್ಚುತ್ತಲೇ ಪಕ್ಕದ ಟೇಬಲ್ಲಿನವರು ಎದ್ದು ಕಿಟಕಿ ತೆರೆದರು. ಚೌಕಳಿ ಲುಂಗಿ ಮತ್ತು ಬನಿಯನ್ನು ಒಂದಕ್ಕೊಂದು ಅಂಟಿಕೊಂಡಿದ್ದವು, ಮೇಲೆಲ್ಲ ಹಸಿರುಗಪ್ಪು ಬೂಷ್ಟು. ಲುಂಗಿ ಆರೋಪಿಯದು, ಬನಿಯನ್ನು ಸತ್ತವನದು. ಎರಡೂ ಒಂದೇ ಚೀಲದಲ್ಲಿ! ಕಲೆ ಕೆಡದೆ ಉಳಿದಿದ್ದರೂ ಯಾವ ರಕ್ತ ಯಾವ ಬಟ್ಟೆಯಿಂದ ಯಾವುದಕ್ಕೆ ಹತ್ತಿತು ಎಂದು ಹೇಳಲು ಆಗುತ್ತಿರಲಿಲ್ಲ. 'ಕಲೆಗಳು ವಿಘಟನೆಗೊಂಡಿವೆ, ಮೂಲ ನಿರ್ಧರಿಸಲಾಗಿಲ್ಲ' ಎಂದು ಬರೆದು ಸಹಿ ಹಾಕಿದೆ. ಸಾಕ್ಷಿ ಕಟ್ಟೆಯಲ್ಲಿ ನಿಂತು ಅದೇ ಸಾಲನ್ನು ಓದಿದೆ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು ಆ ಬನಿಯನ್ನನ್ನೇ ನೋಡುತ್ತಿದ್ದಳು.

ನೀವು ಹೀಗೆ ಮಾಡಿ. ಠಾಣೆಯಲ್ಲಿ ಜನ ಓಡಾಡದ ಒಂದು ಕೋಣೆ ಹುಡುಕಿಕೊಳ್ಳಿ. ನೆಲಕ್ಕೆ ಹೊಸ ಖಾಕಿ ಕಾಗದ ಹಾಸಿ, ಅದರ ಮೇಲೆ ಬಟ್ಟೆಯನ್ನು ಬಿಡಿಸಿ ಹರಡಿ. ಬಿಸಿಲು ಬೇಡ, ಹೇರ್ ಡ್ರೈಯರ್ ಬೇಡ, ಫ್ಯಾನನ್ನು ನೇರವಾಗಿ ಅದರ ಮೇಲೆ ಬಿಡುವುದೂ ಬೇಡ. ನೆರಳಿನ ಗಾಳಿ ಸಾಕು. ಒಣಗಿದ ಮೇಲೆ ಮಡಿಕೆಯ ನಡುನಡುವೆ ಒಂದೊಂದು ಕಾಗದ ಇಟ್ಟು ಮಡಚಿ, ಇಲ್ಲವಾದರೆ ಎದೆಯ ಮೇಲಿನ ಕಲೆ ಬೆನ್ನಿಗೆ ಅಚ್ಚಾಗುತ್ತದೆ. ಕೆಳಗೆ ಹಾಸಿದ್ದ ಕಾಗದವನ್ನು ಬಿಸಾಡಬೇಡಿ. ಒಣಗುವಾಗ ಉದುರಿದ ರಕ್ತದ ಹಕ್ಕಳೆ, ಕೂದಲು, ಮಣ್ಣು ಅದರಲ್ಲಿರುತ್ತದೆ, ಅದನ್ನೂ ಮಡಚಿ ಜೊತೆಗೆ ಕಳಿಸಿ. ಒಂದು ಬಟ್ಟೆಗೆ ಒಂದು ಕಾಗದದ ಚೀಲ. ಗಾಯಾಳುವಿನ ಬಟ್ಟೆಯನ್ನೂ ಆರೋಪಿಯ ಬಟ್ಟೆಯನ್ನೂ ಒಂದೇ ಕೋಣೆಯಲ್ಲಿ ಒಣಹಾಕಬೇಡಿ, ಒಂದೇ ಗ್ಲೌಸಿನಲ್ಲಿ ಮುಟ್ಟಬೇಡಿ. ಲಕೋಟೆಯ ಅಂಚಿಗೆ ನಾಲಿಗೆ ತಾಗಿಸಿ ಅಂಟಿಸುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಬೇಡ, ನಿಮ್ಮ ಎಂಜಲಿನಲ್ಲೂ ಡಿಎನ್‌ಎ ಇದೆ.

ಸ್ಥಳದಲ್ಲಿ ಬಟ್ಟೆಯಿಂದ ರಕ್ತ ತೊಟ್ಟಿಕ್ಕುತ್ತಿದ್ದರೆ ಠಾಣೆ ಮುಟ್ಟುವವರೆಗೆ ಮಾತ್ರ ಪ್ಲಾಸ್ಟಿಕ್ಕಿನಲ್ಲಿ ತನ್ನಿ, ಬಾಯಿ ಕಟ್ಟದೆ. ಗೋಡೆಯ ಮೇಲಿನ ಕಲೆಗೆ ಡಿಸ್ಟಿಲ್ಡ್ ವಾಟರಿನಲ್ಲಿ ತುಸುವೇ ಒದ್ದೆ ಮಾಡಿದ ಹತ್ತಿಯ ಸ್ವಾಬ್ ಸಾಕು. ಕಲೆ ಇಲ್ಲದ ಪಕ್ಕದ ಜಾಗದಿಂದಲೂ ಒಂದು ಸ್ವಾಬ್ ತೆಗೆಯಿರಿ. ನಿಮ್ಮ ಮಹಜರುಗಳಲ್ಲಿ 'ರಕ್ತಮಿಶ್ರಿತ ಮಣ್ಣು' ಮತ್ತು 'ಸಾದಾ ಮಣ್ಣು' ಎಂದು ಎರಡು ಪೊಟ್ಟಣ ಬರೆಯುತ್ತೀರಲ್ಲ, ಅದೇ ಲೆಕ್ಕ. ಸಾದಾ ಮಣ್ಣು ಇಲ್ಲದಿದ್ದರೆ, ಪರೀಕ್ಷೆಯಲ್ಲಿ ಕಂಡದ್ದು ರಕ್ತದಿಂದ ಬಂದದ್ದೋ ಮಣ್ಣಿನಲ್ಲೇ ಇದ್ದದ್ದೋ ತಿಳಿಯುವುದಿಲ್ಲ.

ಪ್ರಶ್ನೆ: ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಚೂರಿ ಇರಿತದ ಗಾಯಾಳು ಬಂದಾಗ ಬಟ್ಟೆ ಕತ್ತರಿಸಿ ತೆಗೆಯಲೇಬೇಕು. ಆ ಗಡಿಬಿಡಿಯಲ್ಲಿ ಸಾಕ್ಷ್ಯದ ಬಗ್ಗೆ ನಾವು ಏನು ಮಾಡಬಹುದು?

ಸಿಸ್ಟರ್, ಮೊದಲು ಜೀವ. ಅದರಲ್ಲಿ ಎರಡು ಮಾತಿಲ್ಲ. ಆದರೆ ಕತ್ತರಿ ಹಿಡಿದಾಗ ಅರ್ಧ ಕ್ಷಣ ನೋಡಿ: ಚೂರಿ ಹೋದ ತೂತನ್ನು ಬಿಟ್ಟು ಕತ್ತರಿಸಿ. ಹೊಲಿಗೆಯ ಗುಂಟ, ಗುಂಡಿಪಟ್ಟಿಯ ಗುಂಟ, ಎಲ್ಲಾದರೂ ಸರಿ. ತೂತಿನ ಉದ್ದ, ಅದರ ಅಂಚು, ಎಳೆಗಳು ತುಂಡಾದ ರೀತಿ, ಇವನ್ನು ನೋಡಿಯೇ ಆಯುಧದ ಬಗ್ಗೆ ಮಾತಾಡಬಹುದು. ಕತ್ತರಿ ಅದರ ಮೇಲೆಯೇ ಹಾದುಹೋದರೆ ಚೂರಿಯ ಗುರುತೂ ಕತ್ತರಿಯ ಗುರುತೂ ಬೆರೆತುಹೋಗುತ್ತವೆ. ಗುಂಡೇಟಾಗಿದ್ದರೆ ಬಟ್ಟೆಯನ್ನು ಕೊಡವಬೇಡಿ. ತೂತಿನ ಸುತ್ತ ಕೂತ ಬಂದೂಕಿನ ಮದ್ದಿನ ಕಣಗಳಿಂದ ಎಷ್ಟು ದೂರದಿಂದ ಹಾರಿಸಿದ್ದೆಂದು ಅಂದಾಜು ಮಾಡುತ್ತಾರೆ.

ತೆಗೆದ ಬಟ್ಟೆಯನ್ನು ಬಕೆಟ್ಟಿಗೆ ಎಸೆಯದೆ, ಸಂಬಂಧಿಕರ ಕೈಗೂ ಕೊಡದೆ, ಕಾಗದದ ಮೇಲೆ ಇಡಿ. ಎಂಎಲ್‌ಸಿ ಪುಸ್ತಕದಲ್ಲಿ (ಪೊಲೀಸರಿಗೆ ತಿಳಿಸಬೇಕಾದ ಪ್ರಕರಣಗಳನ್ನು ಬರೆಯುವ ಆಸ್ಪತ್ರೆಯ ಪುಸ್ತಕ) ಏನು ತೆಗೆದಿರಿ, ಎಷ್ಟು ಗಂಟೆಗೆ, ಯಾವ ಪೇದೆಗೆ ಕೊಟ್ಟಿರಿ ಎಂದು ಬರೆದು ಸಹಿ ತೆಗೆದುಕೊಳ್ಳಿ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ರಕ್ತ ಕೊಡುವ ಮೊದಲು ಗಾಯಾಳುವಿನಿಂದ ತೆಗೆದ ಮೊದಲ ಸ್ಯಾಂಪಲ್ಲನ್ನು ಚೆಲ್ಲಬೇಡಿ. ಬೇರೆಯವರ ರಕ್ತ ಸೇರಿದ ನಂತರ ತೆಗೆದ ಸ್ಯಾಂಪಲ್ ಅಷ್ಟು ಶುದ್ಧವಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಕಳ್ಳತನವಾಯಿತು. ಬೆಳಿಗ್ಗೆ ಎದ್ದು ನೋಡಿದ ಅತ್ತೆ ಅಪಶಕುನವೆಂದು ಅಂಗಳಕ್ಕೆ ಸಗಣಿ ನೀರು ಹಾಕಿ ಸಾರಿಸಿಬಿಟ್ಟರು. ಆಮೇಲೆ ಬಂದ ಪೊಲೀಸರು ಬೈದರು. ಅಷ್ಟೇ ಅಲ್ಲ, ಮನೆಯವರೆಲ್ಲರ ಬೆರಳಚ್ಚು ತೆಗೆದುಕೊಂಡರು. ನಾವೇ ಕಳ್ಳರೇ? (ಸಾಗರ ತಾಲ್ಲೂಕು)

ಅತ್ತೆಯವರ ಮೇಲೆ ಕೋಪ ಮಾಡಿಕೊಳ್ಳಬೇಡಿ ಅಮ್ಮ. ಕೆಟ್ಟದ್ದು ನಡೆದ ಜಾಗವನ್ನು ತೊಳೆದು ಶುದ್ಧ ಮಾಡುವುದು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ಬಂದದ್ದು. ಸಾವಾದ ಮನೆಗಳಲ್ಲಂತೂ ನಾವು ಹೋಗುವಷ್ಟರಲ್ಲಿ ನೆಲ ಒರೆಸಿ, ಹಾಸಿಗೆ ಹೊರಗೆ ಹಾಕಿರುತ್ತಿದ್ದರು. ನಾನು ಹೋದಲ್ಲೆಲ್ಲ ಹಿರಿಯರಿಗೆ ಕೈಮುಗಿದು ಕೇಳುತ್ತಿದ್ದೆ: ಶುದ್ಧಿ ಮಾಡಿ, ಆದರೆ ಪೊಲೀಸರು ಹೋದ ಮೇಲೆ ಮಾಡಿ. ಇನ್ನು ಮುಂದೆ ಹಾಗಾದರೆ 112ಕ್ಕೆ ಫೋನ್ ಮಾಡಿ, ಬಾಗಿಲು ಎಳೆದುಕೊಂಡು ಹೊರಗೆ ಕೂತುಬಿಡಿ. ಅಂಗಳದ ಹಸಿ ಮಣ್ಣಿನಲ್ಲಿ ಹೆಜ್ಜೆ ಗುರುತಿದ್ದು ಮಳೆ ಬರುವ ಹಾಗಿದ್ದರೆ ಅದರ ಮೇಲೆ ಒಂದು ದೊಡ್ಡ ಬೋಗುಣಿ ಬೋರಲು ಹಾಕಿ. ಅದು ನೀವು ಮಾಡಬಹುದಾದ ದೊಡ್ಡ ಸಹಾಯ.

ಬೆರಳಚ್ಚು ತೆಗೆದದ್ದು ಅನುಮಾನದಿಂದಲ್ಲ. ನಿಮ್ಮ ಬೀರುವಿನ ಮೇಲೆ ನಿಮ್ಮ ಬೆರಳ ಗುರುತು ಇದ್ದೇ ಇರುತ್ತದೆ. ನಿಮ್ಮೆಲ್ಲರದನ್ನು ಹೋಲಿಸಿ ಕಳೆದರೆ ಉಳಿದದ್ದು ಹೊರಗಿನವನದು. ನಮ್ಮ ದೇಶದಲ್ಲಿ ಬೆರಳಚ್ಚಿನ ಕಚೇರಿ ಕಲ್ಕತ್ತೆಯಲ್ಲಿ ಶುರುವಾದದ್ದು 1897ರಲ್ಲಿ. ಆ ಕಾಲದಲ್ಲೇ ಬಂಗಾಳದ ಜಲ್ಪಾಯ್‌ಗುರಿಯ ಚಹಾ ತೋಟದ ಮ್ಯಾನೇಜರನ ಕೊಲೆಯಾಯಿತು. ಅಲ್ಲಿ ಸಿಕ್ಕ ಬಂಗಾಳಿ ಪಂಚಾಂಗವೊಂದರ ಮೇಲೆ ಮಾಸಲು ಕಂದು ಗುರುತು ಇತ್ತು. ಅದು, ಹಿಂದೆ ಕಳ್ಳತನಕ್ಕೆ ಜೈಲಿಗೆ ಹೋಗಿದ್ದ ಹಳೆಯ ಆಳಿನ ಬಲಗೈ ಹೆಬ್ಬೆರಳಿಗೆ ಹೊಂದಿತು. ಕೋರ್ಟು ಅವನಿಗೆ ಕಳ್ಳತನಕ್ಕೆ ಶಿಕ್ಷೆ ಕೊಟ್ಟಿತು, ಕೊಲೆಗೆ ಕೊಡಲಿಲ್ಲ. ಬೆರಳ ಗುರುತು ಅವನು ಅಲ್ಲಿದ್ದ ಎಂದು ಹೇಳಿತು, ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಆ ನ್ಯಾಯಾಧೀಶರ ಎಚ್ಚರ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಯಾರೋ ಗಡಿಬಿಡಿಯಲ್ಲಿ ಆ ಪಂಚಾಂಗದ ರಟ್ಟನ್ನು ಒರೆಸಿಬಿಟ್ಟಿದ್ದರೆ ಅಷ್ಟೂ ಇರುತ್ತಿರಲಿಲ್ಲ. ಅಂದಹಾಗೆ, ಸಿನಿಮಾದಲ್ಲಿ ಲೋಟವನ್ನು ಕರ್ಚೀಫಿನಿಂದ ಹಿಡಿದು ಎತ್ತುತ್ತಾರಲ್ಲ, ಹಾಗೆ ಮಾಡಿದರೆ ಇದ್ದ ಗುರುತೂ ಅಳಿಸಿಹೋಗುತ್ತದೆ.

ಪ್ರಶ್ನೆ: ಹೆಸರು, ಊರು ಬೇಡ. ನನ್ನ ಪರಿಚಯದ ಹುಡುಗಿಯ ಮೇಲೆ ದೌರ್ಜನ್ಯ ನಡೆಯಿತು. ಹೆದರಿ ಸ್ನಾನ ಮಾಡಿಬಿಟ್ಟಳು, ಬಟ್ಟೆ ನೆನೆಹಾಕಿದಳು. ಇನ್ನು ದೂರು ಕೊಟ್ಟೂ ಪ್ರಯೋಜನವಿಲ್ಲ ಎನ್ನುತ್ತಾಳೆ.

ಪ್ರಯೋಜನವಿದೆ. ಇವತ್ತೇ ಕರೆದುಕೊಂಡು ಹೋಗಿ. ಸ್ನಾನ ಮಾಡಿದ್ದು ಅವಳ ತಪ್ಪಲ್ಲ, ಆ ಹೊತ್ತಿನಲ್ಲಿ ಯಾರೂ ಹಾಗೇ ಮಾಡುತ್ತಾರೆ. ಸ್ನಾನದ ನಂತರವೂ ಒಳಗಿನ ಸ್ವಾಬ್‌ಗಳಲ್ಲಿ ಸಾಕ್ಷ್ಯ ಉಳಿದಿರುವುದುಂಟು. ನೆನೆಸಿದ ಬಟ್ಟೆಯಲ್ಲೂ ಕಲೆ ಸಿಕ್ಕಿದ್ದನ್ನು ನಾನೇ ಕಂಡಿದ್ದೇನೆ. ನೀರಿನಿಂದ ತೆಗೆದು, ಹಿಂಡದೆ, ನೆರಳಲ್ಲಿ ಒಣಗಿಸಿ, ಒಂದೊಂದನ್ನೂ ಬೇರೆ ಬೇರೆ ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಒಣಗುವವರೆಗೆ ಕಾಯುತ್ತ ಆಸ್ಪತ್ರೆಗೆ ಹೋಗುವುದನ್ನು ಮಾತ್ರ ತಡಮಾಡಬೇಡಿ, ಬಟ್ಟೆಯನ್ನು ಆಮೇಲೂ ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಂ ಪ್ರಕಾರ ಸರ್ಕಾರಿ ಆಸ್ಪತ್ರೆಯೇ ಇರಲಿ, ಖಾಸಗಿಯೇ ಇರಲಿ, ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕು. ವೈದ್ಯಕೀಯ ಪರೀಕ್ಷೆ ಅವಳ ಒಪ್ಪಿಗೆಯ ಮೇಲೆಯೇ ನಡೆಯಬೇಕು. ಅವಳ ಜೊತೆ ಇರಿ.

ಪ್ರಶ್ನೆ: ಕಾನೂನು ವಿದ್ಯಾರ್ಥಿ, ಧಾರವಾಡ. ಪ್ರಯೋಗಾಲಯದ ವರದಿ ಖಚಿತವಾಗಿದ್ದರೂ ಪೊಟ್ಟಣದ ಮೊಹರಿನ ಮೇಲೆ ಪ್ರಕರಣ ಬಿದ್ದುಹೋಗುವುದು ಸರಿಯೇ?

ಸರಿ. ನಾನು ಪರೀಕ್ಷಿಸಿದ್ದು ನನ್ನ ಕೈಗೆ ಬಂದ ವಸ್ತುವನ್ನು. ಅದು ಸ್ಥಳದಲ್ಲಿ ಎತ್ತಿದ ವಸ್ತುವೇ ಎಂದು ಹೇಳುವುದು ಮೊಹರು, ಚೀಟಿ ಮತ್ತು ರಿಜಿಸ್ಟರ್. ಠಾಣೆಯವರು ಮೊಹರಿನ ಮಾದರಿಯನ್ನು ಕಾಗದದ ಮೇಲೆ ಒತ್ತಿ ಬೇರೆಯಾಗಿ ಕಳಿಸುತ್ತಾರೆ. ಪೊಟ್ಟಣದ ಮೇಲಿನ ಮೊಹರನ್ನು ಅದರ ಜೊತೆ ಹೋಲಿಸದೆ ನಾವು ಒಂದು ದಾರವನ್ನೂ ಕತ್ತರಿಸುವಂತಿಲ್ಲ. ಪೊಟ್ಟಣ ಯಾವ ದಿನ ಯಾರ ಕೈಯಲ್ಲಿತ್ತು ಎಂಬ ಸರಪಳಿಯಲ್ಲಿ ನಾಲ್ಕು ದಿನದ ಲೆಕ್ಕ ಸಿಗದಿದ್ದರೆ, ಆ ನಾಲ್ಕು ದಿನದಲ್ಲಿ ಏನೂ ಆಗಿಲ್ಲವೆಂದು ಪ್ರಮಾಣ ಮಾಡಿ ಹೇಳಲು ನನ್ನಿಂದ ಸಾಧ್ಯವೇ? ಕಟಕಟೆಯಲ್ಲಿ ನಿಂತವನು ನಿರಪರಾಧಿಯೂ ಆಗಿರಬಹುದು.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟು ತಮಿಳುನಾಡಿನ ಪ್ರಕರಣವೊಂದರಲ್ಲಿ ಡಿಎನ್‌ಎ ಮಾದರಿಗಳ ಬಗ್ಗೆ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನ ಕೊಟ್ಟಿದೆ. ತೆಗೆದ 48 ಗಂಟೆಯೊಳಗೆ ಮಾದರಿ ಪ್ರಯೋಗಾಲಯ ಮುಟ್ಟುವಂತೆ ತನಿಖಾಧಿಕಾರಿ ನೋಡಿಕೊಳ್ಳಬೇಕು, ವಿಚಾರಣಾ ನ್ಯಾಯಾಲಯದ ಅನುಮತಿಯಿಲ್ಲದೆ ಪೊಟ್ಟಣವನ್ನು ತೆರೆದು ಮತ್ತೆ ಮೊಹರು ಮಾಡಕೂಡದು, ಕೈಬದಲಾದಾಗಲೆಲ್ಲ ಬರೆಯುವ ರಿಜಿಸ್ಟರ್ ಇರಬೇಕು. 2024ರ ಜುಲೈ 1ರಿಂದ ಜಾರಿಯಾದ ಅದೇ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂನಂತೆ ಶೋಧ ಮತ್ತು ಜಪ್ತಿಯ ವಿಡಿಯೊ ಕೂಡ ಆಗಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕೆಂದು 176ನೇ ಕಲಂ ಹೇಳುತ್ತದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶವಿದೆ. ನನ್ನ ಮಟ್ಟಿಗೆ ಇದು ಬಹಳ ತಡವಾಗಿ ಬಂದ ಒಳ್ಳೆಯ ಸುದ್ದಿ. ಆ ಲುಂಗಿ, ಬನಿಯನ್ನು ಸಿಕ್ಕ ಜಾಗದಲ್ಲಿ ನಮ್ಮವರೊಬ್ಬರು ಇದ್ದಿದ್ದರೆ ಅವು ಆ ಕ್ಯಾರಿಬ್ಯಾಗು ಸೇರುತ್ತಿರಲಿಲ್ಲ.

ಪ್ರಶ್ನೆ: ನನ್ನ ಅಂಗಡಿಗೆ ಯಾರೋ ಬೆಂಕಿ ಹಚ್ಚಿದ್ದಾರೆಂಬ ಅನುಮಾನ. ಸುಟ್ಟ ಬಟ್ಟೆಯ ಚೂರನ್ನು ಕಾಗದದಲ್ಲೇ ಕಟ್ಟಬೇಕೇ? (ರಾಣೆಬೆನ್ನೂರು)

ಇಲ್ಲಿ ಮಾತ್ರ ಕಾಗದ ಬೇಡವೇ ಬೇಡ. ರಕ್ತಕ್ಕೆ ಗಾಳಿ ಬೇಕು, ಪೆಟ್ರೋಲಿಗೆ ಗಾಳಿಯೇ ಶತ್ರು. ಕಾಗದದಿಂದ, ಸಾಮಾನ್ಯ ಪಾಲಿಥೀನ್ ಚೀಲದಿಂದ ಕೂಡ ಪೆಟ್ರೋಲು, ಸೀಮೆಎಣ್ಣೆಯ ಆವಿ ಸೋರಿಹೋಗುತ್ತದೆ. ಮುಚ್ಚಳ ಬಿಗಿಯಾಗಿ ಕೂರುವ, ಹೊಸದಾದ, ಒಳಗೆ ಏನೂ ಹಾಕಿರದ ತಗಡಿನ ಡಬ್ಬಿ ಅಥವಾ ಗಾಜಿನ ಬಾಟಲಿಯೇ ಆಗಬೇಕು. ನೀವಾಗಿ ಎತ್ತಬೇಡಿ, ಬೂದಿಯನ್ನು ಕೆದಕಲೂ ಬೇಡಿ. ತನಿಖಾಧಿಕಾರಿ ಬಂದಾಗ, ಬೆಂಕಿ ಶುರುವಾದಂತೆ ಕಾಣುವ ಕಡೆ ನೆಲಕ್ಕೆ ಅಂಟಿಕೊಂಡಿರುವ ಚೂರನ್ನು, ಸುಡದೆ ಉಳಿದ ಅದೇ ಬಟ್ಟೆಯ ಇನ್ನೊಂದು ತುಂಡನ್ನು ಬೇರೆ ಬೇರೆ ಡಬ್ಬಿಯಲ್ಲಿ ಹಾಕಿಸಿ. ಡಬ್ಬಿಯನ್ನು ಕಂಠದವರೆಗೆ ತುಂಬಬಾರದು. ಮೇಲೆ ಉಳಿದ ಖಾಲಿ ಜಾಗದಲ್ಲಿ ಸೇರುವ ಆವಿಯನ್ನೇ ಪ್ರಯೋಗಾಲಯದಲ್ಲಿ ಸಿರಿಂಜಿನಿಂದ ಎಳೆದು ನೋಡುತ್ತಾರೆ.