ಇಂಜೆಕ್ಷನ್ ತಗೊಂಡರೆ ತೂಕ ಇಳಿಯುತ್ತದೆ, ನಿಲ್ಲಿಸಿದರೆ?

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ವಿಜಯನಗರದಲ್ಲಿ ಮನೆ, ಬ್ಯಾಂಕ್ ಕೆಲಸ. ಎತ್ತರ 158 ಸೆಂ.ಮೀ., ತೂಕ 82 ಕೆ.ಜಿ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.1 ಬಂದಿದೆ, ಬಿಪಿಗೆ ಒಂದು ಮಾತ್ರೆ ನಡೆಯುತ್ತಿದೆ. ಹತ್ತು ವರ್ಷದಲ್ಲಿ ಮೂರು ಸಲ ಡಯಟ್ ಮಾಡಿ ಎಂಟೊಂಬತ್ತು ಕೆ.ಜಿ. ಇಳಿಸಿದ್ದೇನೆ, ಮೂರೂ ಸಲ ವಾಪಸ್ ಬಂತು. ನಮ್ಮ ಅಪಾರ್ಟ್‌ಮೆಂಟಿನವರೊಬ್ಬರು ವಾರಕ್ಕೊಂದು ಇಂಜೆಕ್ಷನ್ ತಗೊಂಡು ಆರು ತಿಂಗಳಲ್ಲಿ 11 ಕೆ.ಜಿ. ಇಳಿದಿದ್ದಾರೆ. ನಾನೂ ತಗೊಳ್ಳಲಾ? ನಮ್ಮನೆಯವರು "ಬಾಯಿ ಕಟ್ಟೋಕಾಗಲ್ವಾ, ಅದಕ್ಕೂ ಸೂಜಿ ಬೇಕಾ" ಅಂತಾರೆ. ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಚುಚ್ಚಿಕೊಳ್ಳಬೇಕಾ?

ಉತ್ತರ: ಮೊದಲು ನಿಮ್ಮ ಮನೆಯವರ ಮಾತಿಗೆ ಬರೋಣ. ಮೂರು ಸಲ ಎಂಟೊಂಬತ್ತು ಕೆ.ಜಿ. ಇಳಿಸಿದವರಿಗೆ ಬಾಯಿ ಕಟ್ಟೋಕೆ ಬರಲ್ಲ ಅಂದರೆ ಹೇಗೆ? ಇಳಿಸುವುದು ನಿಮಗೆ ಚೆನ್ನಾಗಿ ಗೊತ್ತು. ಇಳಿದದ್ದು ನಿಲ್ಲುತ್ತಿಲ್ಲ, ಅಷ್ಟೇ. ಅದರಲ್ಲಿ ನಿಮ್ಮ ತಪ್ಪು ಕಡಿಮೆ. ತೂಕ ಇಳಿದ ಮೇಲೆ ಹೊಟ್ಟೆಯಿಂದ ಬರುವ ಹಸಿವಿನ ಹಾರ್ಮೋನ್ ಗ್ರೆಲಿನ್ ಹೆಚ್ಚುತ್ತದೆ, ಕೊಬ್ಬಿನಿಂದ ಬರುವ ಲೆಪ್ಟಿನ್ ಕುಸಿಯುತ್ತದೆ, ಜೊತೆಗೆ ಮೈ ಸುಮ್ನೆ ಕೂತಾಗ ಉರಿಸುವ ಕ್ಯಾಲೊರಿಯೂ ಇಳಿಯುತ್ತದೆ. ಬರಗಾಲ ಬಂತು ಅಂದುಕೊಂಡು ದೇಹ ಪೈಸೆ ಪೈಸೆ ಲೆಕ್ಕ ಹಾಕಿ ಖರ್ಚು ಮಾಡುತ್ತದೆ. ಇದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟು ದಿನ ಹಸಿವಿನ ಜೊತೆ ಜಗಳ ಆಡಿ ಗೆಲ್ಲುವವರು ಕಡಿಮೆ.

ಇಂಜೆಕ್ಷನ್ ಕೆಲಸ ಮಾಡುವುದೂ ಇಲ್ಲೇ. ಊಟ ಮಾಡಿದಾಗ ನಮ್ಮ ಕರುಳು ಜಿಎಲ್‌ಪಿ-1 ಅನ್ನೋ ಹಾರ್ಮೋನ್ ಬಿಡುತ್ತದೆ. "ಸಾಕು, ಹೊಟ್ಟೆ ತುಂಬಿತು" ಅಂತ ಮಿದುಳಿಗೆ ಹೇಳುವ ಹಾರ್ಮೋನ್ ಅದು. ಒಂದೆರಡು ನಿಮಿಷದಲ್ಲಿ ಕರಗಿ ಹೋಗುತ್ತದೆ. ಸೆಮಾಗ್ಲುಟೈಡ್ (ವೆಗೋವಿ, ಒಜೆಂಪಿಕ್) ಅದನ್ನೇ ಹೋಲುವ ಔಷಧ, ಆದರೆ ವಾರವಿಡೀ ಮೈಯಲ್ಲಿ ಉಳಿಯುತ್ತದೆ. ಟಿರ್ಜೆಪಟೈಡ್ (ಮೌಂಜಾರೋ) ಜಿಎಲ್‌ಪಿ-1 ಜೊತೆಗೆ ಜಿಐಪಿ ಅನ್ನೋ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ತಗೊಂಡವರು ನನ್ನ ಮುಂದೆ ಕೂತು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಡಬ್ಬದಲ್ಲಿ ಚಕ್ಕುಲಿ ಇದೆ ಅನ್ನೋದೇ ನೆನಪಿಗೆ ಬರಲ್ಲ."

2021ರಲ್ಲಿ ಬಂದ ಸೆಮಾಗ್ಲುಟೈಡ್ ಅಧ್ಯಯನದಲ್ಲಿ 68 ವಾರಕ್ಕೆ ಸರಾಸರಿ 14.9% ತೂಕ ಇಳಿಯಿತು, ಬರೀ ಡಯಟ್, ವ್ಯಾಯಾಮ ಮತ್ತು ಔಷಧವಿಲ್ಲದ ಸೂಜಿಯವರಲ್ಲಿ 2.4%. ಮರುವರ್ಷ ಬಂದ ಟಿರ್ಜೆಪಟೈಡ್ ಅಧ್ಯಯನದಲ್ಲಿ ದೊಡ್ಡ ಡೋಸಿಗೆ 72 ವಾರದಲ್ಲಿ 20.9%. ಇದು ಸರಾಸರಿ, ನೆನಪಿರಲಿ. ಐದು ಪರ್ಸೆಂಟೂ ಇಳಿಯದವರು ಅದರೊಳಗೇ ಇದ್ದಾರೆ.

ಇನ್ನು ನಿಲ್ಲಿಸಿದರೆ ಏನು ಅನ್ನೋದು. ಅದೇ ಸೆಮಾಗ್ಲುಟೈಡ್ ಅಧ್ಯಯನದ ಕೆಲವರನ್ನು ಔಷಧ ನಿಲ್ಲಿಸಿದ ಮೇಲೆ ಒಂದು ವರ್ಷ ನೋಡಿದರು. ಇಳಿದ ತೂಕದಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್. ಬಿಪಿ, ಶುಗರ್ ಕೂಡ ಹಳೇ ಕಡೆಗೇ ಹೊರಟಿದ್ದವು. ಇದನ್ನು ಕೇಳಿ "ಹಾಗಾದರೆ ಇದು ಮೋಸ" ಅನ್ನುವವರಿದ್ದಾರೆ. ನಿಮ್ಮ ಬಿಪಿ ಮಾತ್ರೆಯನ್ನೇ ನೋಡಿ. ಮಾತ್ರೆ ತಗೊಂಡಾಗ 130ಕ್ಕೆ ಬರುತ್ತದೆ, ಬಿಟ್ಟರೆ 150ಕ್ಕೆ ಹೋಗುತ್ತದೆ. ಆ ಮಾತ್ರೆ ಮೋಸ ಅಂತ ಯಾರೂ ಅನ್ನಲ್ಲ, ಅಲ್ವಾ? ತೂಕವೂ ಅದೇ ಜಾತಿಯ ಕಾಯಿಲೆ. ಮದುವೆ ಸೀಸನ್‌ಗೆ ನಾಲ್ಕು ತಿಂಗಳು ಸಾಕು ಅಂತ ಬರುವವರನ್ನು ನಾನು ನೇರ ವಾಪಸ್ ಕಳಿಸುತ್ತೇನೆ. ಕನಿಷ್ಠ ಎರಡು ವರ್ಷದ ದುಡ್ಡು ಕಣ್ಣಿಗೆ ಕಾಣುತ್ತಿಲ್ಲ ಅಂದರೆ ಶುರು ಮಾಡಬೇಡಿ ಅಂತಲೇ ನನ್ನ ಸಲಹೆ. ಮೌಂಜಾರೋ 2025ರ ಮಾರ್ಚಿನಲ್ಲಿ ನಮ್ಮ ದೇಶಕ್ಕೆ ಬಂದಾಗ 2.5 ಮಿ.ಗ್ರಾಂ. ವಯಲ್ ಒಂದಕ್ಕೆ 3,500 ರೂಪಾಯಿ ಇತ್ತು, ತಿಂಗಳಿಗೆ ನಾಲ್ಕು. ಅದೂ ಅತಿ ಸಣ್ಣ ಡೋಸಿನ ಲೆಕ್ಕ. ಈ ಬೆಲೆಗಳು ಬದಲಾಗುತ್ತಲೇ ಇರುತ್ತವೆ, ಮೆಡಿಕಲ್ ಶಾಪಿನಲ್ಲಿ ಇವತ್ತಿನ ರೇಟ್ ಕೇಳಿಯೇ ಲೆಕ್ಕ ಹಾಕಿ.

ನಿಮಗೆ ಬೇಕಾ? ನಿಮ್ಮ ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ, 32.8. ಔಷಧದ ಲೇಬಲ್ ಕೇಳುವುದು 30, ಅಥವಾ ಬಿಪಿ ಶುಗರ್ ಥರದ್ದು ಜೊತೆಗಿದ್ದರೆ 27. ನಮ್ಮ ಜನಕ್ಕಂತೂ 25ಕ್ಕೇ ಬೊಜ್ಜು ಅಂತ ಎಣಿಸುತ್ತೇವೆ, ಯಾಕೆಂದರೆ ನಮ್ಮದು ಕೈಕಾಲು ಸಣ್ಣ, ಹೊಟ್ಟೆ ಮುಂದೆ ಅನ್ನೋ ಮೈಕಟ್ಟು. ಕೊಬ್ಬು ಒಳಗೆ ಲಿವರ್ ಸುತ್ತ ಕೂತಿರುತ್ತದೆ. ಹಾಗಾಗಿ ತೂಕಕ್ಕಿಂತ ಟೇಪು ಜಾಸ್ತಿ ನಿಜ ಹೇಳುತ್ತದೆ. ಕೊನೇ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ ಅಳೆಯಿರಿ. ಹೊಟ್ಟೆ ಒಳಗೆ ಎಳೆದುಕೊಂಡು ಟೇಪಿಗೆ ಸುಳ್ಳು ಹೇಳಬೇಡಿ. ಹೆಂಗಸರಿಗೆ 80 ಸೆಂ.ಮೀ. ದಾಟಬಾರದು, ಗಂಡಸರಿಗೆ 90. ಈ ಟೇಪನ್ನು ನಿಮ್ಮ ಮನೆಯವರ ಹೊಟ್ಟೆಗೂ ಒಂದು ಸಲ ಹಿಡಿಯಿರಿ.

ಅಂದರೆ ಲೆಕ್ಕದಲ್ಲಿ ನೀವು ಇಂಜೆಕ್ಷನ್‌ಗೆ ಅರ್ಹರು. ತೂಕ ಇಳಿಸುವ ಹೊಟ್ಟೆಯ ಸರ್ಜರಿ ಲೆಕ್ಕದಲ್ಲೂ ಅಂಚಿನಲ್ಲಿದ್ದೀರಿ, ಆದರೆ ಈಗಲೇ ಅದರ ಯೋಚನೆ ಬೇಡ. ಅದು ಚೆನ್ನಾಗಿ ಕೆಲಸ ಮಾಡುವ ದಾರಿ ನಿಜ, ಆದರೆ ಬಿ12, ಕಬ್ಬಿಣದ ಮಾತ್ರೆ ಕೊನೇವರೆಗೂ ಬಿಡುವಂತಿಲ್ಲ.

ಈಗ ನನಗೆ ಎಲ್ಲಕ್ಕಿಂತ ಚಿಂತೆ ಇರುವ ವಿಷಯ. ಇಳಿಯುವ ತೂಕವೆಲ್ಲ ಕೊಬ್ಬಲ್ಲ. ನಾಲ್ಕು ಕೆ.ಜಿ. ಇಳಿದರೆ ಒಂದು ಕೆ.ಜಿ., ಕೆಲವೊಮ್ಮೆ ಅದಕ್ಕಿಂತ ಜಾಸ್ತಿ, ಕೊಬ್ಬಲ್ಲದ ಭಾಗದಿಂದ ಹೋಗುತ್ತದೆ, ಅದರಲ್ಲಿ ಸ್ನಾಯುವೂ ಸೇರಿದೆ. ಒಬ್ಬರು ಬಂದಿದ್ದರು, ಏಳು ತಿಂಗಳಲ್ಲಿ 14 ಕೆ.ಜಿ. ಇಳಿದಿದ್ದರು, ಹೊಸ ಬ್ಲೌಸ್ ಹೊಲಿಸಿಕೊಂಡು ಖುಷಿಯಲ್ಲಿದ್ದರು. ಪೂಜೆಗೆ ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು ಅಂತ ಮಾತಿನ ಮಧ್ಯೆ ಹೇಳಿದರು. ಏನು ತಿನ್ನುತ್ತೀರಿ ಅಂತ ಕೇಳಿದೆ. ಬೆಳಗ್ಗೆ ಕಾಫಿ, ಎರಡು ಮಾರಿ ಬಿಸ್ಕೆಟ್. ಮಧ್ಯಾಹ್ನ ಎರಡು ಸೌಟು ಅನ್ನ, ತಿಳಿಸಾರು. ರಾತ್ರಿ ಹಸಿವಿಲ್ಲ, ಒಂದು ಬಾಳೆಹಣ್ಣು. ಹಸಿವು ಹೋಗಿತ್ತು, ಅದರ ಜೊತೆ ಪ್ರೋಟೀನೂ ಹೋಗಿತ್ತು. ಆಮೇಲೆ ನಿಲ್ಲಿಸಿದಾಗ ವಾಪಸ್ ಬರುವುದು ಹೆಚ್ಚಾಗಿ ಕೊಬ್ಬೇ.

ನಿಮಗೆ ದಿನಕ್ಕೆ 70 ಗ್ರಾಂ ಆಸುಪಾಸು ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟೇ, ನೂರು ಗ್ರಾಂ ಪನೀರಿನಲ್ಲಿ 18. ದರ್ಶಿನಿಯ ಮಸಾಲೆ ದೋಸೆಯಲ್ಲಿ ಹುಡುಕಿದರೂ ಜಾಸ್ತಿ ಸಿಗಲ್ಲ. ತಟ್ಟೆಯಲ್ಲಿ ಮೊದಲು ಹೆಸರುಕಾಳು ಉಸ್ಲಿ, ಮೊಟ್ಟೆ, ಮೀನು, ಗಟ್ಟಿ ಮೊಸರು ಏನಿದೆಯೋ ಅದನ್ನು ಮುಗಿಸಿ, ಅನ್ನಕ್ಕೋ ಮುದ್ದೆಗೋ ಆಮೇಲೆ ಕೈ ಹಾಕಿ. ಸಾರಿನ ತಿಳಿ ಬೇಡ, ತಳದ ಬೇಳೆ ಬಡಿಸಿಕೊಳ್ಳಿ. ವಾಕಿಂಗ್ ಒಳ್ಳೇದೇ, ಆದರೆ ಅದೊಂದೇ ಸ್ನಾಯು ಉಳಿಸಲ್ಲ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತುವ ವ್ಯಾಯಾಮ ಬೇಕು. ಜಿಮ್ ಬೇಡವಾದರೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಏಳಿ ಕೂರಿ, ಮೂರು ಸುತ್ತು, ಆಮೇಲೆ ಐದು ಕೆ.ಜಿ. ಅಕ್ಕಿ ಚೀಲ ಎದೆಗೆ ಹಿಡಿದು ಅದನ್ನೇ ಮಾಡಿ. ಇಂಜೆಕ್ಷನ್‌ಗೆ ಮುಂಚೆಯೇ ಇದು ಶುರುವಾಗಲಿ.

ಶುರು ಮಾಡುವುದೇ ಆದರೆ ನಿಮ್ಮ ಡಾಕ್ಟರಿಗೆ ಇಷ್ಟನ್ನು ತಪ್ಪದೆ ಹೇಳಿ: ಮನೆಯಲ್ಲಿ ಯಾರಿಗಾದರೂ ಮೆಡುಲರಿ ಥೈರಾಯ್ಡ್ ಕ್ಯಾನ್ಸರ್ (ಥೈರಾಯ್ಡ್ ಕ್ಯಾನ್ಸರಿನ ಒಂದು ಅಪರೂಪದ ಬಗೆ) ಇತ್ತಾ, ನಿಮಗೆ ಹಿಂದೆ ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿತ್ತಾ, ಪಿತ್ತಕೋಶದಲ್ಲಿ ಕಲ್ಲಿದೆಯಾ. ಡೋಸ್ ಸಣ್ಣದರಿಂದ ನಾಲ್ಕು ವಾರಕ್ಕೊಮ್ಮೆ ಮೇಲೇರುತ್ತದೆ. ಬೇಗ ಇಳಿಯಲಿ ಅಂತ ಮೆಟ್ಟಿಲು ಹಾರಿದರೆ ವಾಂತಿ ಗ್ಯಾರಂಟಿ. ವಾಕರಿಕೆ, ಮಲಬದ್ಧತೆ ಮೊದಲ ವಾರಗಳಲ್ಲಿ ಸಾಮಾನ್ಯ, ಎಣ್ಣೆ ಬೋಂಡಾ ತಿಂದ ದಿನ ಜಾಸ್ತಿ. ಆದರೆ ಮೇಲುಹೊಟ್ಟೆ ಜೋರು ನೋವು ಬೆನ್ನಿಗೆ ಹರಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಬಿಪಿಯನ್ನೂ ಆಗಾಗ ನೋಡಿಸಿ, ತೂಕ ಇಳಿದಂತೆ ಮಾತ್ರೆ ಜಾಸ್ತಿಯಾಗಿ ತಲೆ ಸುತ್ತಬಹುದು.

ದುಡ್ಡು ಹೊಂದದಿದ್ದರೆ ಬೇಜಾರು ಬೇಡ. 2002ರ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ನಿಮ್ಮ ಹಾಗೆ ಶುಗರ್ ಗಡಿಯಲ್ಲಿದ್ದವರಿಗೆ 7% ತೂಕ ಇಳಿಸುವ ಗುರಿ, ವಾರಕ್ಕೆ 150 ನಿಮಿಷ ನಡಿಗೆ ಕೊಟ್ಟರು. ಡಯಾಬಿಟಿಸ್‌ಗೆ ತಿರುಗುವುದು 58% ಕಡಿಮೆಯಾಯಿತು. 7% ಅಂದರೆ ನಿಮಗೆ ಆರು ಕೆ.ಜಿ.ಗೂ ಕಮ್ಮಿ. ಮೂರು ಸಲ ಅದನ್ನು ದಾಟಿದ್ದೀರಿ. ಹೋದ ಮೂರೂ ಸಲ ಬಹುಶಃ ಇಳಿದ ಕೂಡಲೇ ಎಲ್ಲವನ್ನೂ ಬಿಟ್ಟಿರಿ. ಈ ಸಲ ಇಳಿದ ಮೇಲಿನ ಒಂದು ವರ್ಷಕ್ಕೆ ಪ್ಲಾನ್ ಬರೆದಿಟ್ಟುಕೊಂಡು ಶುರು ಮಾಡಿ.

ಪ್ರಶ್ನೆ: ನನಗೆ 27, ಯಲಹಂಕ. ಪಿಸಿಒಡಿ ಇದೆ. ಆನ್‌ಲೈನಿನಲ್ಲಿ ಸಿಕ್ಕ "ನೂರಕ್ಕೆ ನೂರು ಗಿಡಮೂಲಿಕೆ" ಕ್ಯಾಪ್ಸೂಲ್‌ನಿಂದ ತಿಂಗಳಿಗೆ 5 ಕೆ.ಜಿ. ಇಳಿದೆ. ಎದೆ ಡವಡವ ಅನ್ನುತ್ತದೆ, ನಿದ್ದೆ ಇಲ್ಲ. ಡೋಸ್ ಕಡಿಮೆ ಮಾಡಲಾ?

ಉತ್ತರ: ಕಡಿಮೆ ಅಲ್ಲ, ಇವತ್ತೇ ನಿಲ್ಲಿಸಿ. ಗಿಡಮೂಲಿಕೆ ಹೆಸರಿನ ತೂಕ ಇಳಿಸುವ ಕ್ಯಾಪ್ಸೂಲ್‌ಗಳಲ್ಲಿ ಸಿಬುಟ್ರಮೈನ್ ಕದ್ದು ಸೇರಿಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಹೃದಯಾಘಾತ, ಪಾರ್ಶ್ವವಾಯು ಹೆಚ್ಚುತ್ತದೆ ಅಂತ ಅಮೆರಿಕ, ಯುರೋಪಿನವರು 2010ರಲ್ಲೇ ಹಿಂದಕ್ಕೆ ತೆಗೆದ ಔಷಧ ಅದು. ಕೆಲವದರಲ್ಲಿ ಥೈರಾಯ್ಡ್ ಹಾರ್ಮೋನ್ ಇರುತ್ತದೆ. ಡಬ್ಬಿ ಎಸೆಯಬೇಡಿ, ಹಾಗೇ ಡಾಕ್ಟರ ಹತ್ತಿರ ತಗೊಂಡು ಹೋಗಿ ಇಸಿಜಿ, ಟಿಎಸ್‌ಎಚ್ (ಥೈರಾಯ್ಡ್ ರಕ್ತಪರೀಕ್ಷೆ) ಮಾಡಿಸಿ. ಎದೆ ನೋವು ಬಂದರೆ ಅಪಾಯಿಂಟ್‌ಮೆಂಟಿಗೆ ಕಾಯದೆ ಎಮರ್ಜೆನ್ಸಿಗೆ ಹೋಗಿ.

ಪ್ರಶ್ನೆ: ಹಬ್ಬಕ್ಕೆ ಹಾಸನಕ್ಕೆ ಬಸ್ಸಿನಲ್ಲಿ ಹೋಗಬೇಕು. ಇಂಜೆಕ್ಷನ್ ಪೆನ್ ಹೇಗೆ ಒಯ್ಯಲಿ?

ಉತ್ತರ: ಇನ್ನೂ ಬಳಸದ ಪೆನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಫ್ರೀಜರಿಗೆ ಮಾತ್ರ ಬೇಡ. ಬಳಸುತ್ತಿರುವ ಪೆನ್ 30 ಡಿಗ್ರಿಯೊಳಗೆ ಕೆಲವು ವಾರ ಇರುತ್ತದೆ, ಎಷ್ಟು ದಿನ ಅನ್ನೋದು ಬ್ರ್ಯಾಂಡಿನ ಮೇಲೆ, ಡಬ್ಬದ ಚೀಟಿ ಓದಿ. ಸಣ್ಣ ಕೂಲ್ ಬ್ಯಾಗ್ ಸಾಕು. ಐಸ್ ಪ್ಯಾಕಿಗೆ ಪೆನ್ ನೇರ ತಾಗದ ಹಾಗೆ ಬಟ್ಟೆ ಸುತ್ತಿ, ಬ್ಯಾಗನ್ನು ಬಸ್ಸಿನ ಡಿಕ್ಕಿಗೆ ಹಾಕದೆ ಮಡಿಲಲ್ಲೇ ಇಟ್ಟುಕೊಳ್ಳಿ. ಒಂದು ಸಲ ಹೆಪ್ಪುಗಟ್ಟಿದ ಪೆನ್, ಆಮೇಲೆ ಕರಗಿ ಮೊದಲಿನಂತೆ ಕಂಡರೂ, ಎಸೆಯುವುದೇ.