ಕೆರೆಗೆ ಮರಿ ಸಮೇತ ಬಂದ ಬಾತು: ಹಿಡಿಯಬೇಡಿ, ದೂರದಿಂದ ನೋಡಿ

ಅಕ್ಕಾ, ಗೋಣಿಕೊಪ್ಪ ಹತ್ತಿರದ ನಿಮ್ಮ ತೋಟದ ಕೆರೆಗೆ ಕಾಡು ಹೆಬ್ಬಾತು ಮರಿಗಳ ಸಮೇತ ಬಂದಿದೆ, ಒಂದು ಮರಿ ಆಗಾಗ ಒಂಟಿಯಾಗಿ ಕೂಗುತ್ತದೆ, ಮನೆಗೆ ತಂದು ಸಾಕೋಣವಾ, ಅನ್ನ ಹಾಕೋಣವಾ ಅಂತ ಕೇಳಿದ್ದೀರಿ. ಎರಡೂ ಬೇಡ.

ಮೊದಲು ಹಕ್ಕಿ ಯಾವುದು ಅಂತ ನೋಡೋಣ. ಹೆಬ್ಬಾತು ಆಗಿರಲಾರದು. ನಮ್ಮ ರಾಜ್ಯಕ್ಕೆ ಬರುವ ಪಟ್ಟೆತಲೆ ಹೆಬ್ಬಾತು ಚಳಿಗಾಲ ಕಳೆದು ವಾಪಸ್ ಹೋಗುವ ಹಕ್ಕಿ. ಅದು ಮರಿ ಮಾಡುವುದು ಲಡಾಖ್, ಟಿಬೆಟ್, ಮಂಗೋಲಿಯಾ ಕಡೆಯ ನೀರಿನ ಬಳಿ. ಈ ಮಳೆಗಾಲದಲ್ಲಿ ಮರಿ ಕಂಡರೆ ಅದು ಸಿಳ್ಳೆ ಬಾತು ಅಥವಾ ವರಟೆ ಬಾತು ಇರಬೇಕು.

ಎರಡನ್ನೂ ಬೇರೆ ಮಾಡಲು ಬಣ್ಣದ ಜೊತೆ ಸಂಸಾರವನ್ನೂ ನೋಡಿ. ಸಿಳ್ಳೆ ಬಾತು ಕಂದು ಮೈಯದು, ಕುತ್ತಿಗೆ ಉದ್ದ, ಹಾರುವಾಗ ಸಿಳ್ಳೆ ಹಾಕುತ್ತದೆ. ಗಂಡು ಹೆಣ್ಣು ನೋಡಲು ಒಂದೇ ಥರ. ಕಾವು ಕೂರುವುದರಿಂದ ಹಿಡಿದು ಮರಿ ಕಾಯುವ ತನಕ ಎರಡೂ ಸೇರಿ ಮಾಡುತ್ತವೆ. ಹಾಗಾಗಿ ಮರಿಗಳ ಹಿಂದೆ ಮುಂದೆ ಎರಡು ದೊಡ್ಡ ಹಕ್ಕಿ ಸದಾ ಇದ್ದರೆ ಸಿಳ್ಳೆ ಬಾತು ಎನ್ನಬಹುದು. ಮರಿಗಳ ಕಪ್ಪು ಮೈ ಮೇಲೆ ಬಿಳಿ ಗೆರೆಗಳೂ ಕಾಣುತ್ತವೆ. ವರಟೆ ಬಾತಿನ ಕೊಕ್ಕು ಕಪ್ಪು, ತುದಿ ಮಾತ್ರ ಹಳದಿ. ಅದರಲ್ಲಿ ಮರಿ ನೋಡಿಕೊಳ್ಳುವ ಕೆಲಸ ಹೆಚ್ಚಾಗಿ ತಾಯಿಯದೇ.

ಒಂಟಿ ಮರಿ ಅಂದರೆ ಅನಾಥ ಮರಿ ಅಲ್ಲ. ನಾವು ಏರಿ ಮೇಲೆ ನಿಂತರೆ ದೊಡ್ಡವು ಜೊಂಡಿನೊಳಗೆ ಸೇರಿಕೊಳ್ಳುತ್ತವೆ, ಹಿಂದೆ ಉಳಿದ ಮರಿ ಕೂಗಿಕೊಳ್ಳುತ್ತದೆ. ನೀವು ಕಾಫಿ ಗಿಡಗಳ ಮರೆಗೆ ಹೋಗಿ ಅರ್ಧ ಗಂಟೆ ಸುಮ್ನೆ ಕೂತು ನೋಡಿ. ಹೆಚ್ಚಿನ ಸಲ ದೊಡ್ಡದು ವಾಪಸ್ ಬಂದು ಕರೆದುಕೊಂಡು ಹೋಗುತ್ತದೆ. ತಾಯಿ ರೆಕ್ಕೆ ಮುರಿದ ಹಾಗೆ ನೀರಿನ ಮೇಲೆ ಒದ್ದಾಡುತ್ತಿದ್ದರೆ ಹತ್ತಿರ ಹೋಗಬೇಡಿ. ಮರಿಗಳಿಂದ ನಿಮ್ಮ ಗಮನ ಬೇರೆ ಕಡೆ ಎಳೆಯಲು ಮಾಡುವ ಉಪಾಯ ಅದು.

ಇನ್ನು ಸಾಕುವ ಮಾತು. ಬಾತಿನ ಮರಿ ಮೊಟ್ಟೆಯಿಂದ ಹೊರಬಂದ ಮೊದಲ ಕೆಲವು ಗಂಟೆಗಳಲ್ಲಿ ಕಣ್ಣೆದುರು ಓಡಾಡಿದವರನ್ನೇ ತಾಯಿ ಅಂತ ಹಿಡಿದುಕೊಳ್ಳುತ್ತದೆ. ಆಸ್ಟ್ರಿಯಾದ ಪ್ರಾಣಿ ವಿಜ್ಞಾನಿ ಕಾನ್‌ರಾಡ್ ಲೊರೆನ್ಸ್ ಇದನ್ನು ಹೆಬ್ಬಾತಿನ ಮರಿಗಳಲ್ಲೇ ತೋರಿಸಿಕೊಟ್ಟರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ 1973ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಮನುಷ್ಯರ ಹಿಂದೆ ಬೆಳೆದ ಮರಿಗೆ ಯಾರಿಗೆ ಹೆದರಬೇಕು ಎನ್ನುವುದೇ ತಿಳಿಯುವುದಿಲ್ಲ. ಜೊತೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಇವನ್ನು ಹಿಡಿದು ಸಾಕುವುದು ಅಪರಾಧ. ನಿಜವಾಗಿ ಗಾಯ ಆಗಿದ್ದರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.

ಅನ್ನ, ಬ್ರೆಡ್ ಯಾವುದೂ ಬೇಡ. ಬಾತು ಮರಿಗಳ ಬಾಯಿಗೆ ತಿಂಡಿ ಇಡುವುದಿಲ್ಲ. ಮರಿಗಳೇ ನೀರಿನ ಹುಳು, ಸಣ್ಣ ಶಂಖದ ಹುಳು ಹುಡುಕಿ ತಿನ್ನುತ್ತವೆ. ದೊಡ್ಡವು ಜಾಗ ತೋರಿಸುತ್ತವೆ, ಕಾವಲು ಇರುತ್ತವೆ, ಮಳೆ ಜೋರಾದರೆ ರೆಕ್ಕೆ ಕೆಳಗೆ ಸೇರಿಸಿಕೊಳ್ಳುತ್ತವೆ.

ನೀವು ಮಾಡಬಹುದಾದ ಕೆಲಸ ಬೇರೆ ಇದೆ. ಅಂಚಿನ ಜೊಂಡು ಈಗ ಕಡಿಸಬೇಡಿ. ನಾಯಿಗಳನ್ನು ಏರಿಗೆ ಬಿಡಬೇಡಿ. ಬೋರ್ಡೋ (ಗಿಡಗಳಿಗೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಡ್ರಮ್ಮು, ಪಂಪು ಕೆರೆಯಲ್ಲಿ ತೊಳೆಯಲು ಬಿಡಲೇಬೇಡಿ, ಇದನ್ನು ಕೆಲಸದವರಿಗೆ ಖಂಡಿತವಾಗಿ ಹೇಳಿ. ಮೈಲುತುತ್ತ ನೀರಿಗೆ ಸೇರಿದರೆ ಮರಿಗಳ ಆಹಾರವೇ ಸಾಯುತ್ತದೆ. ಮರ ಕಪಾತಿನಲ್ಲಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಸುವಾಗ, ಪೊಟರೆ ಇರುವ ಹಳೇ ಮರ ಸಿಕ್ಕರೆ ಉಳಿಸಿ, ಸಿಳ್ಳೆ ಬಾತು ಅಂಥಲ್ಲೂ ಗೂಡು ಮಾಡುತ್ತದೆ.

ಹೆಬ್ಬಾತಿನ ಸಂಸಾರವೇ ನೋಡಬೇಕು ಅಂದರೆ ಜನವರಿ ಹೊತ್ತಿಗೆ ನಂಜನಗೂಡು ಕಡೆಯ ಹದಿನಾರು ಕೆರೆಗೆ ಹೋಗಿ. ಆ ವರ್ಷದ ಮರಿಗಳು ಮೊದಲ ಚಳಿಗಾಲ ಅಪ್ಪ ಅಮ್ಮನ ಜೊತೆಗೇ ಇರುತ್ತವೆ. ದೊಡ್ಡವುಗಳ ಬಿಳಿ ತಲೆ ಮೇಲೆ ಎರಡು ಕಪ್ಪು ಪಟ್ಟೆ ಇದೆ, ಮರಿಗಳಿಗೆ ಆ ಪಟ್ಟೆ ಇನ್ನೂ ಮೂಡಿರುವುದಿಲ್ಲ. ಬೈನಾಕ್ಯುಲರ್ ಇದ್ದರೆ ಯಾವ ಮರಿ ಯಾವ ಜೋಡಿಯದು ಅಂತ ಕೂಡ ಗುರುತಿಸಬಹುದು.