ಓದುಗರ ಪ್ರಶ್ನೆ, ನಮ್ಮ ಉತ್ತರ: ಆ ಕಮಿಷನ್ ಯಾರ ಜೇಬಿನಿಂದ ಬರುತ್ತದೆ?

ಆನ್‌ಲೈನ್ ವ್ಯಾಪಾರ ಮತ್ತು ಅಫಿಲಿಯೇಟ್ ಮಾರ್ಕೆಟಿಂಗ್ (ಬೇರೆಯವರ ವಸ್ತುವನ್ನು ಶಿಫಾರಸು ಮಾಡಿ, ಅದು ಮಾರಾಟವಾದರೆ ಕಮಿಷನ್ ಪಡೆಯುವುದು) ಕುರಿತು ಬಂದ ಪತ್ರಗಳಲ್ಲಿ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನ್ನ ಮಗ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದಾನೆ. ಗೆಳೆಯನ ಮಾತು ಕೇಳಿ 10,000 ರೂಪಾಯಿ ಕಟ್ಟಿ ಡಿಜಿಟಲ್ ಮಾರ್ಕೆಟಿಂಗ್ ಕೋರ್ಸ್ ಒಂದನ್ನು ಕೊಂಡಿದ್ದಾನೆ. ಅದೇ ಕೋರ್ಸನ್ನು ಬೇರೆಯವರಿಗೆ ಕೊಡಿಸಿದರೆ ತಲಾ 7,000 ರೂಪಾಯಿ ಕಮಿಷನ್ ಬರುತ್ತದಂತೆ. ಇದಕ್ಕೇ ಅಫಿಲಿಯೇಟ್ ಮಾರ್ಕೆಟಿಂಗ್ ಎನ್ನುತ್ತಾರೆ ಎಂದು ವಾದಿಸುತ್ತಾನೆ. ನಂಬಬಹುದೇ?
(ತಿಪಟೂರು)

ಉತ್ತರ: ನಂಬಬೇಡಿ ಎಂಬುದೇ ನನ್ನ ಉತ್ತರ. ಆದರೆ ಮಗನಿಗೆ ಮನವರಿಕೆಯಾಗಬೇಕಾದರೆ ಕಾರಣವನ್ನು ಬಿಡಿಸಿ ಹೇಳಬೇಕಾಗುತ್ತದೆ.

ನಿಮ್ಮೂರಿನ ಕೊಬ್ಬರಿ ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಮಂಡಿಯವರಿಗೆ ಕಮಿಷನ್ ಸಿಗುವುದು ಕೊಬ್ಬರಿ ಮಾರಾಟವಾದಾಗ. ಆ ಕೊಬ್ಬರಿಯನ್ನು ಕಮಿಷನ್ನಿನ ಆಸೆಯಿಲ್ಲದೆ, ಅಡುಗೆಗೋ ಎಣ್ಣೆಗೋ ಬೇಕೆಂದು ಕೊಳ್ಳುವವನೊಬ್ಬ ಆ ಸರಪಳಿಯ ಕೊನೆಯಲ್ಲಿ ಇದ್ದೇ ಇರುತ್ತಾನೆ. ನಿಜವಾದ ಅಫಿಲಿಯೇಟ್ ಮಾರ್ಕೆಟಿಂಗ್ ಕೂಡ ಇದೇ ಬಗೆಯದು. ಅಮೆಜಾನ್ ಸಂಸ್ಥೆ ಅಮೆರಿಕದಲ್ಲಿ 1996ರಲ್ಲಿ ಇಂಥ ಯೋಜನೆಯನ್ನು ಆರಂಭಿಸಿದಾಗ, ಪುಸ್ತಕವನ್ನು ಮೆಚ್ಚಿ ತಮ್ಮ ಪುಟದಲ್ಲಿ ಕೊಂಡಿ ಹಾಕಿದವರಿಗೆ, ಆ ಕೊಂಡಿಯನ್ನು ಒತ್ತಿ ಬಂದವರು ಪುಸ್ತಕ ಕೊಂಡರೆ ಅಂಗಡಿಯು ಅದರ ಬೆಲೆಯಲ್ಲಿ ಒಂದು ಪಾಲನ್ನು ಕೊಡುತ್ತಿತ್ತು. ಸೇರುವುದಕ್ಕೆ ಶುಲ್ಕವಿರಲಿಲ್ಲ, ಇಂದಿಗೂ ಇಲ್ಲ.

ನಿಮ್ಮ ಮಗನ ಯೋಜನೆಯಲ್ಲಿ ಕೋರ್ಸನ್ನು ಕೊಳ್ಳುವವರು ಯಾರು? ಅದನ್ನು ಮತ್ತೆ ಮಾರಿ ದುಡಿಯಬೇಕೆನ್ನುವವರು ಮಾತ್ರ. ಹಾಕಿದ ಹಣ ಹಿಂದಿರುಗಬೇಕಾದರೆ ಪ್ರತಿಯೊಬ್ಬನೂ ಕನಿಷ್ಠ ಇಬ್ಬರನ್ನು ಸೇರಿಸಬೇಕು. ಎಲ್ಲರೂ ಇಬ್ಬಿಬ್ಬರನ್ನು ಸೇರಿಸುವುದರಲ್ಲಿ ಗೆದ್ದೇ ಬಿಟ್ಟರು ಎಂದುಕೊಳ್ಳೋಣ. ಒಬ್ಬನಿಂದ ಆರಂಭವಾದ ಸಾಲು 2, 4, 8 ಎಂದು ಬೆಳೆದು ಹತ್ತನೆಯ ಸಲಕ್ಕೆ 1,024 ಜನರಾಗುತ್ತಾರೆ. ಅವರಿಗಿಂತ ಮೇಲಿರುವವರೆಲ್ಲ ಸೇರಿದರೂ 1,023. ಅಂದರೆ ಯೋಜನೆ ಎಲ್ಲಿ ನಿಂತರೂ, ಅದರೊಳಗಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೈಸುಟ್ಟುಕೊಂಡೇ ಇರುತ್ತಾರೆ. ಇದು ಯಾರೋ ಶ್ರಮಪಡಲಿಲ್ಲ ಎಂಬ ಕಾರಣಕ್ಕೆ ಆಗುವ ನಷ್ಟವಲ್ಲ, ಲೆಕ್ಕದಲ್ಲೇ ಅಡಗಿರುವ ನಷ್ಟ. ಮೇಲಿನವನಿಗೆ ಸಿಕ್ಕ 7,000 ರೂಪಾಯಿ ಕೆಳಗಿನವನ ತಾಯಿಯ ಉಳಿತಾಯದಿಂದ ಹೋದದ್ದು.

ಮಗನಿಗೆ ಬಂದ ಸೂಚನೆಗಳ ಒಂದು ಹಾಳೆಯನ್ನು ಪತ್ರದ ಜೊತೆ ಕಳಿಸಿದ್ದೀರಿ. ಅದನ್ನು ಎರಡು ಸಲ ಓದಿದೆ. ಮೊದಲ ಸಾಲಿನಲ್ಲೇ ಪರಿಚಯದ 100 ಜನರ ಪಟ್ಟಿ ಮಾಡಲು ಹೇಳಿದ್ದಾರೆ. ಮೊದಲ ಕರೆಯಲ್ಲಿ ಬೆಲೆಯನ್ನು ಬಾಯಿಬಿಡಬಾರದು, ಹಣ ಬಂದ ಸ್ಕ್ರೀನ್‌ಶಾಟನ್ನು ದಿನವೂ ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಬೇಕು, ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದವರಿಗೆ ‘ನಿನ್ನ ನಿರ್ಧಾರ ನೀನು ತೆಗೆದುಕೊಳ್ಳಲಾರೆಯಾ?’ ಎಂದು ಕೇಳಬೇಕು ಎಂದಿದೆ. ಕೋರ್ಸಿನಲ್ಲಿ ಏನನ್ನು ಕಲಿಸುತ್ತಾರೆ ಎಂಬ ಬಗ್ಗೆ ಇಡೀ ಹಾಳೆಯಲ್ಲಿ ಒಂದು ಸಾಲೂ ಇಲ್ಲ. ಮನೆಯವರನ್ನು ಕೇಳದಂತೆ ತಡೆಯುವ ವ್ಯಾಪಾರವನ್ನು ಒಪ್ಪಲು ನನ್ನ ಮನಸ್ಸಿಗೆ ಸಾಧ್ಯವೇ ಇಲ್ಲ.

ಕಾನೂನಿನ ಮಾತನ್ನೂ ಮಗನಿಗೆ ತಿಳಿಸಿ. 1978ರ ಬಹುಮಾನ ಚೀಟಿ ಮತ್ತು ಹಣ ಪರಿಚಲನೆ ಯೋಜನೆಗಳ ನಿಷೇಧ ಕಾಯ್ದೆಯು ಇಂಥ ಯೋಜನೆಗಳನ್ನು ನಡೆಸುವುದನ್ನಷ್ಟೇ ಅಲ್ಲ, ಅವುಗಳಿಗೆ ಸದಸ್ಯರಾಗಿ ಸೇರುವುದನ್ನೂ ನಿಷೇಧಿಸುತ್ತದೆ. ಕೇಂದ್ರ ಸರ್ಕಾರವು 2021ರ ಡಿಸೆಂಬರ್‌ನಲ್ಲಿ ಹೊರಡಿಸಿದ ನೇರ ಮಾರಾಟ ನಿಯಮಗಳು, ಹೀಗೆ ಒಬ್ಬರ ಕೆಳಗೊಬ್ಬರನ್ನು ಸೇರಿಸುತ್ತ ಹೋಗುವ ಪಿರಮಿಡ್ ಯೋಜನೆಗಳನ್ನು ಹೆಸರು ಹಿಡಿದೇ ತಡೆದಿವೆ. ‘ನಾವು ಮಾರುತ್ತಿರುವುದು ಕೋರ್ಸು, ಸದಸ್ಯತ್ವವಲ್ಲ’ ಎಂದು ಇಂಥವರು ಸಮರ್ಥಿಸಿಕೊಳ್ಳುವುದುಂಟು. ಒಂದೊಂದು ಯೋಜನೆಯ ವಿಷಯದಲ್ಲಿ ಅದನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಕಮಿಷನ್ನನ್ನು ತೆಗೆದುಹಾಕಿದರೆ ಆ ಕೋರ್ಸನ್ನು 10,000 ರೂಪಾಯಿಗೆ ಯಾರಾದರೂ ಕೊಳ್ಳುತ್ತಿದ್ದರೇ ಎಂಬ ಪ್ರಶ್ನೆಗೆ ನಿಮ್ಮ ಮಗ ಈ ಸಂಜೆಯೇ ಉತ್ತರ ಕಂಡುಕೊಳ್ಳಬಹುದು. ಹಣ ಮರಳಿಸುವಂತೆ ಕಂಪನಿಗೆ ಇಮೇಲ್‌ನಲ್ಲೇ ಕೇಳಲಿ, ರಸೀದಿ ಮತ್ತು ಸಂದೇಶಗಳನ್ನು ಅಳಿಸದಿರಲಿ, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲಿ. ಎಲ್ಲಕ್ಕಿಂತ ಮೊದಲು, ಆ 100 ಜನರ ಪಟ್ಟಿಯಲ್ಲಿ ಯಾರಿಗೂ ಅವನು ಕರೆ ಮಾಡದಿರಲಿ. ಕಳೆದುಕೊಂಡ ಹಣವನ್ನು ಮುಂದೆ ದುಡಿಯಬಹುದು. ಸೋದರಮಾವನ ಮಗನ ಹಣ ಮುಳುಗಿಸಿದವನು ಎಂಬ ಹೆಸರು ಬಂದರೆ ಅದನ್ನು ಕಳೆದುಕೊಳ್ಳುವುದು ಕಷ್ಟ.

ಪ್ರಶ್ನೆ: ಅಡಿಕೆ ತೋಟಕ್ಕೆ ಬೇಕಾಗುವ ಕಳೆ ಕೊಚ್ಚುವ ಯಂತ್ರ, ಕಾರ್ಬನ್ ಫೈಬರ್ ದೋಟಿ (ಮರದ ಮೇಲಕ್ಕೆ ಎಟುಕುವ ಉದ್ದ ಕೋಲು), ಸಿಂಪಡಣಾ ಪಂಪುಗಳ ಬಗ್ಗೆ ಕನ್ನಡದಲ್ಲಿ ಬರೆಯುವ ಜಾಲತಾಣವನ್ನು ಆರು ವರ್ಷಗಳಿಂದ ನಡೆಸುತ್ತಿದ್ದೇನೆ. ಕಮಿಷನ್ನಿನಿಂದ ಮನೆಖರ್ಚಿನ ಒಂದು ಭಾಗ ಕಳೆಯುತ್ತಿತ್ತು. ಈಚೆಗೆ ಓದುಗರು ಅರ್ಧಕ್ಕಿಂತ ಕಡಿಮೆಯಾಗಿದ್ದಾರೆ. ನಿಲ್ಲಿಸಿಬಿಡಲೇ?
(ಸಾಗರ)

ಉತ್ತರ: ನಿಲ್ಲಿಸಬೇಡಿ, ಆದರೆ ಹಳೆಯ ದಾರಿಯಲ್ಲೇ ಮುಂದುವರಿಯಲೂ ಬೇಡಿ. ನಿಮಗಾಗಿರುವುದು ಜಗತ್ತಿನ ಅನೇಕ ಸಣ್ಣ ಜಾಲತಾಣಗಳಿಗೆ ಆಗಿದೆ. ಗೂಗಲ್ ಸಂಸ್ಥೆಯು ಹುಡುಕಾಟದ ಪುಟದ ನೆತ್ತಿಯಲ್ಲೇ ಕೃತಕ ಬುದ್ಧಿಮತ್ತೆ ಬರೆದ ಸಾರಾಂಶವನ್ನು ತೋರಿಸುವ ಏರ್ಪಾಡನ್ನು 2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಅದೇ ವರ್ಷದ ಆಗಸ್ಟ್‌ನಲ್ಲಿ ಭಾರತದಲ್ಲಿಯೂ ಜಾರಿಗೆ ತಂದಿತು. ಉತ್ತರ ಅಲ್ಲೇ ಸಿಕ್ಕಿದವರು ಕೆಳಗಿನ ಕೊಂಡಿಯನ್ನು ಒತ್ತಿ ನಿಮ್ಮ ಪುಟದವರೆಗೆ ಬರುವುದು ಅಪರೂಪ. ಬಾರದವರಿಂದ ಕಮಿಷನ್ ಹುಟ್ಟುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ನಿಮ್ಮ ಕಮಿಷನ್ ನಿಂತಿರುವುದು ಕುಕೀ ಎಂಬ ಸಣ್ಣ ಗುರುತಿನ ಮೇಲೆ. ಗ್ರಾಹಕನು ಯಾರ ಕೊಂಡಿಯಿಂದ ಬಂದ ಎಂಬುದನ್ನು ಅದು ಅಂಗಡಿಗೆ ತಿಳಿಸುತ್ತದೆ. ಸಾಮಾನ್ಯವಾಗಿ ಕೊನೆಯ ಕೊಂಡಿಗೇ ಮನ್ನಣೆ. ಹಣ ಪಾವತಿಯ ಕಂಪನಿ ಪೇಪಾಲ್ ಒಡೆತನದ, ಬ್ರೌಸರಿಗೆ ಸೇರಿಸಿಕೊಳ್ಳುವ ಹನಿ ಎಂಬ ಕೂಪನ್ ಹುಡುಕುವ ಸಾಧನವು, ಹಣ ಪಾವತಿಸುವ ಗಳಿಗೆಯಲ್ಲಿ ಬೇರೆಯವರ ಗುರುತನ್ನು ತೆಗೆದು ತನ್ನದನ್ನು ಇಡುತ್ತದೆ ಎಂಬ ಆರೋಪ 2024ರ ಡಿಸೆಂಬರ್‌ನಲ್ಲಿ ಯೂಟ್ಯೂಬ್ ವರದಿಯೊಂದರ ಮೂಲಕ ದೊಡ್ಡ ಸುದ್ದಿಯಾಯಿತು. ಅಮೆರಿಕದಲ್ಲಿ ಮೊಕದ್ದಮೆಗಳು ದಾಖಲಾದವು. ತಾನು ಉದ್ಯಮದ ನಿಯಮಗಳಂತೆಯೇ ನಡೆದಿದ್ದೇನೆ ಎಂದು ಕಂಪನಿ ಹೇಳಿತು. ಬಳಕೆದಾರನಿಗೆ ಪ್ರಯೋಜನ ಕೊಡದೆ ಅಫಿಲಿಯೇಟ್ ಗುರುತನ್ನು ತುರುಕಬಾರದೆಂದು ಗೂಗಲ್ 2025ರ ಮಾರ್ಚ್‌ನಲ್ಲಿ ತನ್ನ ಕ್ರೋಮ್ ಬ್ರೌಸರಿನಲ್ಲಿ ಇಂಥ ಸಾಧನಗಳಿಗಿರುವ ನಿಯಮಗಳನ್ನು ಬಿಗಿಗೊಳಿಸಿತು. ದರವೂ ನಿಮ್ಮ ಕೈಯಲ್ಲಿಲ್ಲ: 2020ರ ಏಪ್ರಿಲ್‌ನಲ್ಲಿ ಅಮೆಜಾನ್ ಅಮೆರಿಕದಲ್ಲಿ ಪೀಠೋಪಕರಣಗಳ ಕಮಿಷನ್ನನ್ನು ಶೇ. 8ರಿಂದ ಶೇ. 3ಕ್ಕೆ ಇಳಿಸಿದಾಗ ಅದನ್ನೇ ನಂಬಿದ್ದವರಿಗೆ ಚೌಕಾಸಿಗೆ ಅವಕಾಶವೇ ಇರಲಿಲ್ಲ.

ಆದ್ದರಿಂದ ನಿಮ್ಮ ಬರಹದಲ್ಲಿ ಯಂತ್ರ ಹೇಳಲಾಗದ ಸಂಗತಿಗಳು ಇರಲಿ. ನಿಮ್ಮ ಪುಟಗಳನ್ನು ನೋಡಿದೆ. ‘ಹತ್ತು ಅತ್ಯುತ್ತಮ ಪಂಪುಗಳು’ ಎಂಬ ಬರಹದಲ್ಲಿ ಕಂಪನಿಗಳ ಕರಪತ್ರದಲ್ಲಿಲ್ಲದ ಒಂದು ಮಾತೂ ಇಲ್ಲ. ಅಂಥದ್ದನ್ನು ಇನ್ನು ಯಾರೂ ನಿಮ್ಮಲ್ಲಿಗೆ ಬಂದು ಓದುವುದಿಲ್ಲ. ಆದರೆ ದೋಟಿಯ ಬಗ್ಗೆ ಬರೆದ ಬರಹದಲ್ಲಿ, 60 ಅಡಿ ಎತ್ತರಕ್ಕೆ ಬಿಡಿಸಿ ಹಿಡಿದಾಗ ಸ್ವಲ್ಪ ಗಾಳಿಗೂ ತುದಿ ಹೇಗೆ ಓಲಾಡುತ್ತದೆ, ಬೋರ್ಡೋ ಎಂಬ ರೋಗನಾಶಕವನ್ನು ಸಿಂಪಡಿಸುವಾಗ ದ್ರಾವಣ ಕೊಳವೆಗುಂಟ ಇಳಿದು ಕೈಗೆ ಹೇಗೆ ಜಾರುತ್ತದೆ, ಯಾವ ಕೀಲು ಎರಡನೆಯ ಮಳೆಗಾಲಕ್ಕೆ ಸಡಿಲವಾಯಿತು ಎಂದೆಲ್ಲ ಬರೆದಿದ್ದೀರಿ. ಅದನ್ನು ಓದುವಾಗ ನನ್ನ ಭುಜವೇ ನೋಯಿತು. ಅದನ್ನು ಬರೆಯಲು ತೋಟದಲ್ಲಿ ನಿಂತಿರಬೇಕು. ಅಂಥ ಹತ್ತು ಬರಹಗಳನ್ನು ಉಳಿಸಿಕೊಂಡು ಉಳಿದದ್ದನ್ನು ತೆಗೆದುಹಾಕಿ, ಓದುಗರ ದೂರವಾಣಿ ಅಥವಾ ಇಮೇಲ್ ಪಟ್ಟಿಯನ್ನು ಅವರ ಒಪ್ಪಿಗೆಯಿಂದ ನೀವೇ ಕಟ್ಟಿಕೊಳ್ಳಿ, ಹತ್ತಿರದ ಊರಿನ ಯಂತ್ರದಂಗಡಿಯವರೊಂದಿಗೆ ನೇರ ಒಪ್ಪಂದಕ್ಕೆ ಪ್ರಯತ್ನಿಸಿ. ಆದಾಯ ಮೊದಲಿನಷ್ಟು ಆಗುತ್ತದೆಂದು ಭರವಸೆ ಕೊಡಲಾರೆ. ಆದರೆ ಕನ್ನಡದಲ್ಲಿ ಇಂಥ ಬರಹ ಮಾಡುವವರು ಕಡಿಮೆ, ತೋಟದವರಿಗೆ ಅದು ಬೇಕಾಗಿದೆ.

ಪ್ರಶ್ನೆ: ಮಿಕ್ಸಿ, ಕುಕ್ಕರ್ ಮುಂತಾದವುಗಳ ಬಗ್ಗೆ ಯೂಟ್ಯೂಬ್‌ನಲ್ಲಿ ಹೇಳುತ್ತೇನೆ. ವಿವರಣೆಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ‘ಅಫಿಲಿಯೇಟ್ ಲಿಂಕ್’ ಎಂದು ಹಾಕಿದರೆ ಸಾಕೇ? ಮೊದಲೇ ಹೇಳಿದರೆ ಜನ ಕೊಳ್ಳುವುದಿಲ್ಲ ಎಂದು ಗೆಳತಿಯರು ಹೆದರಿಸುತ್ತಾರೆ.
(ಧಾರವಾಡ)

ಉತ್ತರ: ಸಾಲದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಆಧಾರದ ಮೇಲೆ ದಾರಿತಪ್ಪಿಸುವ ಜಾಹೀರಾತುಗಳ ವಿರುದ್ಧ 2022ರ ಜೂನ್‌ನಲ್ಲಿ ಮಾರ್ಗಸೂಚಿಗಳು ಬಂದವು. 2023ರ ಜನವರಿಯಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಶಿಫಾರಸು ಮಾಡುವವರಿಗಾಗಿಯೇ ಗ್ರಾಹಕ ವ್ಯವಹಾರಗಳ ಇಲಾಖೆ ಪ್ರತ್ಯೇಕ ಕೈಪಿಡಿಯನ್ನು ಹೊರಡಿಸಿತು. ಹಣವಿರಲಿ, ಉಚಿತವಾಗಿ ಬಂದ ವಸ್ತುವಿರಲಿ, ರಿಯಾಯಿತಿಯಿರಲಿ, ಕಂಪನಿಯೊಂದಿಗಿನ ಸಂಬಂಧವನ್ನು ಕಣ್ತಪ್ಪದ ಜಾಗದಲ್ಲಿ ಹೇಳಬೇಕು. ವಿಡಿಯೊ ಆದರೆ ಕೇವಲ ವಿವರಣೆಯಲ್ಲಿ ಬರೆದರೆ ಸಾಲದು, ದೃಶ್ಯದಲ್ಲೂ ಧ್ವನಿಯಲ್ಲೂ ಇರಬೇಕು. ನೀವು ಬಳಸಿ ನೋಡದ ವಸ್ತುವನ್ನು ಶಿಫಾರಸು ಮಾಡುವಂತಿಲ್ಲ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಅಧಿಕಾರವಿದೆ, ತಪ್ಪು ಮರುಕಳಿಸಿದರೆ ಅದು 50 ಲಕ್ಷದವರೆಗೆ ಏರಬಹುದು.

ನಿಮ್ಮ ನೋಡುಗರು ಕನ್ನಡದವರಾದ್ದರಿಂದ ಕನ್ನಡದಲ್ಲೇ ಹೇಳಿ: ‘ಕೆಳಗಿನ ಕೊಂಡಿಯಿಂದ ನೀವು ಕೊಂಡರೆ ಅಂಗಡಿಯವರು ನನಗೆ ಕಮಿಷನ್ ಕೊಡುತ್ತಾರೆ.’ ಇಷ್ಟೇ. ಅಮೆಜಾನ್ ಇಂಡಿಯಾದ ಕೊಂಡಿಯ ಬಾಲವನ್ನು ಒಮ್ಮೆ ಬಿಡಿಸಿ ನೋಡಿ. ಟ್ಯಾಗ್ ಎಂಬ ಪದದ ಮುಂದೆ ನೀವು ಆರಿಸಿಕೊಂಡ ಹೆಸರು, ಅದರ ತುದಿಯಲ್ಲಿ 21 ಎಂಬ ಅಂಕಿ ಇರುತ್ತದೆ. ತಿಳಿದವರು ಅದನ್ನು ಹೇಗೂ ಗುರುತಿಸುತ್ತಾರೆ. ತಿಳಿಯದವರಿಂದ ಮುಚ್ಚಿಡುವುದು ಸರಿಯಲ್ಲ. ಕುಕ್ಕರಿನ ಹಿಡಿ ಮೂರು ತಿಂಗಳಿಗೇ ಸಡಿಲವಾಯಿತು ಎಂದು ನೀವು ಹಿಂದೊಮ್ಮೆ ಹೇಳಿದ್ದನ್ನು ನೆನಪಿಟ್ಟುಕೊಂಡಿರುವವರು ಕಮಿಷನ್ನಿನ ಮಾತು ಕೇಳಿ ಓಡಿಹೋಗುವುದಿಲ್ಲ.

ಪ್ರಶ್ನೆ: ಕಳೆದ ಹಣಕಾಸು ವರ್ಷದಲ್ಲಿ, ಅಂದರೆ 2025-26ರಲ್ಲಿ, ಕಮಿಷನ್ನಿನಿಂದ ಸುಮಾರು 90,000 ರೂಪಾಯಿ ಬಂದಿದೆ. ಬೇರೆ ಆದಾಯವಿಲ್ಲ. ಹಣ ಬರುವಾಗಲೇ ತೆರಿಗೆ ಮುರಿದುಕೊಂಡಿದ್ದಾರೆ. ಜಿಎಸ್‌ಟಿ ಮಾಡಿಸಬೇಕೇ?
(ಹಾಸನ)

ಉತ್ತರ: ಸೇವೆ ಒದಗಿಸುವವರಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಮುರಿದುಕೊಂಡಿರುವುದು 1961ರ ಆದಾಯ ತೆರಿಗೆ ಕಾಯ್ದೆಯ 194ಎಚ್ ಅಡಿಯ ಟಿಡಿಎಸ್. ಆ ವರ್ಷ 20,000 ರೂಪಾಯಿ ದಾಟಿದ ಕಮಿಷನ್ನಿಗೆ ಅದರ ದರ ಶೇ. 2. ನಿಮ್ಮ ಆದಾಯಕ್ಕೆ ತೆರಿಗೆಯೇ ಬೀಳುವುದಿಲ್ಲವಾದ್ದರಿಂದ ರಿಟರ್ನ್ ಸಲ್ಲಿಸಿದರೆ ಆ ಹಣ ಮರಳಿ ಬರುತ್ತದೆ, ಸಲ್ಲಿಸದಿದ್ದರೆ ಬರುವುದಿಲ್ಲ. ಒಂದು ಎಚ್ಚರಿಕೆ: ಸಣ್ಣ ವ್ಯಾಪಾರಿಗಳಿಗಿರುವ 44ಎಡಿ ಎಂಬ ಅಂದಾಜು ಲೆಕ್ಕದ ಸೌಲಭ್ಯ (ಖರ್ಚಿನ ವಿವರವಿಡದೆ ವಹಿವಾಟಿನ ಒಂದು ಪಾಲನ್ನೇ ಆದಾಯವೆಂದು ತೋರಿಸುವುದು) ಕಮಿಷನ್ ಆದಾಯಕ್ಕೆ ಅನ್ವಯಿಸುವುದಿಲ್ಲ. ಆದ್ದರಿಂದ ಇಂಟರ್ನೆಟ್, ಕ್ಯಾಮೆರಾ ಮುಂತಾದ ಖರ್ಚಿನ ರಸೀದಿಗಳನ್ನು ಜೋಪಾನವಾಗಿಡಿ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿರುವುದರಿಂದ ಮುಂದಿನ ಕಾಗದಗಳಲ್ಲಿ ಸೆಕ್ಷನ್ನುಗಳ ಸಂಖ್ಯೆ ಬೇರೆಯಿರುತ್ತದೆ, ಗಾಬರಿ ಬೇಡ. ನಿಮ್ಮದೇ ಕೊಂಡಿಯಿಂದ ಮನೆಗೆ ಸಾಮಾನು ತರಿಸಬಹುದೇ ಎಂದೂ ಕೇಳಿದ್ದೀರಿ. ಅಮೆಜಾನ್ ನಿಯಮದಂತೆ ಸ್ವಂತ ಖರೀದಿಗೆ ಕಮಿಷನ್ ಇಲ್ಲ, ಮಾಡಿದರೆ ಖಾತೆಗೇ ಕುತ್ತು.

ಪ್ರಶ್ನೆ: ಟೆಲಿಗ್ರಾಂನಲ್ಲಿ ಹೋಟೆಲುಗಳಿಗೆ ರೇಟಿಂಗ್ ಕೊಟ್ಟರೆ ಕಮಿಷನ್ ಎಂದರು. ಮೊದಲ ದಿನ 150 ರೂಪಾಯಿ ಬಂತು. ಆಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಎಂದು ಕಟ್ಟಿಸಿಕೊಂಡು ಒಟ್ಟು 38,000 ರೂಪಾಯಿ ಹೋಗಿದೆ. ಇನ್ನು 12,000 ಕಟ್ಟಿದರೆ ಎಲ್ಲವೂ ಬಿಡುಗಡೆಯಾಗುತ್ತದೆ ಎನ್ನುತ್ತಿದ್ದಾರೆ. ಮನೆಯಲ್ಲಿ ಹೇಳಿಲ್ಲ.
(ಬೆಳಗಾವಿ)

ಉತ್ತರ: ನಿಮ್ಮ ಪತ್ರ ತಲುಪಿದ ದಿನವೇ ನಿಮಗೆ ಫೋನ್ ಮಾಡಿದ್ದೇವೆ, ಇದೇ ಸ್ಥಿತಿಯಲ್ಲಿರುವ ಇತರರಿಗಾಗಿ ಇಲ್ಲಿ ಮತ್ತೆ ಬರೆಯುತ್ತೇನೆ. ಆ 12,000 ರೂಪಾಯಿಯನ್ನು ಕಟ್ಟಬೇಡಿ. ಅವರ ಪುಟದಲ್ಲಿ ನಿಮ್ಮ ಹೆಸರಿನ ಮುಂದೆ ಕಾಣುವ ಮೊತ್ತ ಬರಿಯ ಅಂಕಿ. ಮೊದಲ ದಿನದ 150 ರೂಪಾಯಿ ನಂಬಿಕೆ ಹುಟ್ಟಿಸಲು ಹಾಕಿದ ಗಾಳ. ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ತಿಳಿಸಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲೇ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಇರುತ್ತದೆ. ಯುಪಿಐ ವಹಿವಾಟಿನ ಸಂಖ್ಯೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡು ಕರೆ ಮಾಡಿ, ಟೆಲಿಗ್ರಾಂ ಸಂಭಾಷಣೆಯನ್ನು ಅಳಿಸಬೇಡಿ. ಮನೆಯಲ್ಲಿ ಇಂದೇ ಹೇಳಿ. ನೀವು ತಪ್ಪು ಮಾಡಿದವರಲ್ಲ, ಮೋಸ ಹೋದವರು. ಕೆಲವು ದಿನಗಳ ನಂತರ ‘ಕಳೆದ ಹಣವನ್ನು ವಾಪಸ್ ಕೊಡಿಸುತ್ತೇವೆ, ಶುಲ್ಕ ಕಟ್ಟಿ’ ಎಂದು ಯಾರಾದರೂ ಕರೆ ಮಾಡಿದರೆ ಅವರು ಪೊಲೀಸರೂ ಅಲ್ಲ, ವಕೀಲರೂ ಅಲ್ಲ. ಫೋನ್ ಇಟ್ಟು, ಆ ಸಂಖ್ಯೆಯನ್ನೂ ನಿಮ್ಮ ದೂರಿಗೆ ಸೇರಿಸಿ.